ಸವೆದ ಕಾರ್ಬನ್

ಅತ್ತಿಗೆ, ಅಣ್ಣನ ಬ್ಯಾಟರಿ ಡ್ರಿಲ್ಲಿನ ಮೋಟರು ಸುಟ್ಟಿರಲಿಲ್ಲ. ಸುಟ್ಟಿದೆ ಎಂದು ನಾನು ಸುಳ್ಳು ಹೇಳಿದೆ.

ಅಂದು ಸೋಮವಾರ. ಉಳಿದ ಸೋಮವಾರಗಳಂತೆಯೇ ಎದುರಿನ ಮಿರ್ಚಿ ಬಂಡಿಯವನು ಎಣ್ಣೆ ಕಾಯಿಸುತ್ತಿದ್ದ. ಹೊಸಪೇಟೆಯ ನನ್ನ ರಿಪೇರಿ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕುಳಿತಿದ್ದರು. ಕಂಪ್ಲಿಯ ಬಸ್ಸು ಇಳಿದು ಬಂದ ಅಣ್ಣ ಡ್ರಿಲ್ಲನ್ನು ಮೇಜಿನ ಮೇಲಿಟ್ಟು, ನನ್ನನ್ನು ಬಿಟ್ಟು ಅವರ ಕಡೆ ತಿರುಗಿದ.

“ನೋಡ್ರಿ, ನಮ್ಮ ತಮ್ಮ ಮಿಕ್ಸಿ ಡಾಕ್ಟ್ರು. ಬಿಚ್ಚೋದು ಇವಂದು, ಕೂಡ್ಸೋದು ದೇವ್ರದು.”

ಅವರು ನಕ್ಕರು. ನಾನೂ ನಕ್ಕೆ. ಇದೇ ಮಾತನ್ನು ಅವನು ಪಾಪಿನಾಯಕನಹಳ್ಳಿಯಲ್ಲಿ ನನಗೆ ಹೆಣ್ಣು ನೋಡಲು ಹೋದಾಗಲೂ ಆಡಿದ್ದ. ಹುಡುಗಿಯ ಅಪ್ಪ ಭಾಳ ನಕ್ಕಿದ್ದ. ಆಮೇಲೆ ಆ ಮನೆಯಿಂದ ಸುದ್ದಿಯೇ ಬರಲಿಲ್ಲ. ನೀವೂ ಸೆರಗು ಬಾಯಿಗಿಟ್ಟು ನಕ್ಕಿದ್ದಿರಿ, ಅತ್ತಿಗೆ. ಇದನ್ನು ನೆಪವಾಗಿ ಬರೆಯುತ್ತಿಲ್ಲ — ಆ ಸಿಟ್ಟು ಇನ್ನೂ ಹೋಗಿಲ್ಲ, ಅಷ್ಟೇ. ಸತ್ತವನ ಮೇಲೆ ಸಿಟ್ಟಿಟ್ಟುಕೊಂಡು ಬದುಕುವುದು ಹೇಗಿರುತ್ತದೆ ಎಂದು ನಿಮಗೆ —

ಇರಲಿ.

ಬ್ಯಾಟರಿ ಬದಲಿಸಿ ನೋಡಿದೆ. ಅದರಲ್ಲಿ ತಪ್ಪಿರಲಿಲ್ಲ. ಸ್ವಿಚ್ಚಿನ ತನಕ ಕರೆಂಟು ಬರುತ್ತಿತ್ತು, ಅಲ್ಲಿಂದ ಮುಂದಕ್ಕೂ ಹೋಗುತ್ತಿತ್ತು. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಮೋಟರು ಮಾತ್ರ ಸುಮ್ಮನಿತ್ತು. ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒಂದು ಸುತ್ತು ತಿರುಗಿ ಮತ್ತೆ ನಿಲ್ಲುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಮೋಟರಿಗೆ ಕರೆಂಟು ಮುಟ್ಟಿಸುವ ಎರಡು ಸಣ್ಣ ತುಂಡುಗಳಿರುತ್ತವೆ, ಕಾರ್ಬನ್ ಎನ್ನುತ್ತೇವೆ. ತೆಗೆದೆ. ಒಂದು ಸವೆದು ತೊಗರಿಬೇಳೆಯಷ್ಟಾಗಿತ್ತು. ಹೊಸ ಜೋಡಿ ಮೊಣಕೈ ಪಕ್ಕದ ಡ್ರಾದಲ್ಲೇ ಇತ್ತು. ಹತ್ತು ನಿಮಿಷದ ಕೆಲಸ.

“ಏನಾಗೇತಲೇ?”

“ಮೋಟ್ರು ಸುಟ್ಟೈತಿ. ಬಳ್ಳಾರಿಯಿಂದ ತರಸಬೇಕು, ವಾರ ಆಗತೈತಿ.”

“ವಾರಾ? ನಾಳೆ ಸಂಡೂರಿನಾಗ ಕಿಟಕಿಗೆ ಗ್ರಿಲ್ ಕೂಡ್ಸೋದೈತಿ!”

“ಮನ್ಯಾಗ ಹಳೇ ವೈರಿನ ಡ್ರಿಲ್ ಐತಲ್ಲ. ಅದನ್ನ ತಗೊಂಡು ಹೋಗು.”

ಈ ಮಾತು ನನ್ನದು. ಆ ವೈರಿಗೆ ಮೂರು ಕಡೆ ಟೇಪು ಸುತ್ತಿತ್ತು. ಅದನ್ನು ಸುತ್ತಿದವನೂ ನಾನೇ.

ತೆಗೆದ ಹಳೆಯ ಸಾಮಾನನ್ನು ಗಿರಾಕಿಯ ಕೈಗೇ ಕೊಡಬೇಕು — ಅಪ್ಪ ಆ ಅಂಗಡಿಯಲ್ಲಿ ಹಾಕಿಕೊಟ್ಟ ರೂಢಿ. ಅಣ್ಣನೂ ಅಲ್ಲೇ ಬೆಳೆದವನು. ಅಂಗೈ ಚಾಚಿದ.

“ಹಳೇದು ಕೊಡಲೇ, ನೋಡ್ತೀನಿ.”

ಕಾರ್ಬನ್ ನನ್ನ ಮುಷ್ಟಿಯೊಳಗಿತ್ತು. “ಮೋಟ್ರು ಬಿಚ್ಚಿದ ಮ್ಯಾಲೆ ಕೊಡ್ತೀನಿ, ಹೋಗು” ಎಂದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಒಂದು ಗಳಿಗೆ ನನ್ನ ಮುಖ ನೋಡಿದ. ಅನುಮಾನ ಬಂತೋ — ಬಂದಿದ್ದರೂ ಕೇಳಲಿಲ್ಲ. ಒಂದು ವಾರ ಅವನು ನನ್ನ ಅಂಗಡಿಗೆ ಅಲೆಯಬೇಕು, ಗಿರಾಕಿಗಳ ಎದುರು ನನ್ನನ್ನು ಕೇಳಿಕೊಳ್ಳಬೇಕು ಎಂಬುದು ನನ್ನ ಆಸೆ.

ಮರುದಿನ ಸಂಡೂರಿನಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಹೊಸದಾಗಿ ಹಾಕಿದ ಮೋಲ್ಡಿನ ಛಾವಣಿ ಗಟ್ಟಿಯಾಗಲೆಂದು ಮೇಲೆ ನೀರು ನಿಲ್ಲಿಸಿದ್ದರು. ಅದು ಕೆಳಗಿನ ಕೋಣೆಗೆ ಸೋರಿ ನೆಲವೆಲ್ಲ ಒದ್ದೆಯಾಗಿತ್ತು. ವೈರು ಆ ನೀರಿನಲ್ಲೇ ಬಿದ್ದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅಣ್ಣ ಹೋಗಿದ್ದ.

ಇನ್ನೊಂದಿದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಮಣ್ಣು ಮಾಡಿ ಬಂದ ದಿನ ನೀವು ಎಲ್ಲರ ಎದುರು ಅಂದಿರಿ, “ಹಟಮಾರಿ ಆತ. ಆ ವೈರು ಬ್ಯಾಡ, ಒಂದು ವಾರ ತಡೀರಿ ಅಂದೆ. ನನ್ನ ಮಾತು ಯಾವಾಗ ಕೇಳ್ಯಾನ?” ಅಲ್ಲಿದ್ದವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. “ಹೌದ್ರಿ, ಮೊದಲಿಂದ ಹಂಗ” ಎಂದೆ. ನಾಲ್ಕು ವರ್ಷದಿಂದ ನೀವು ಅವನ ಫೋಟೋದ ಜೊತೆ ಇದೇ ಜಗಳ ಮಾಡುತ್ತಿದ್ದೀರಿ. ನಾನು ಹಬ್ಬಕ್ಕೆ ಬಂದು, ನೀವು ಬಡಿಸಿದ್ದನ್ನು ಉಂಡು, ಆ ಜಗಳ ಕೇಳಿ ಸುಮ್ಮನೆ ಎದ್ದು ಬಂದಿದ್ದೇನೆ.

ಅವನು ಹಟ ಮಾಡಲಿಲ್ಲ, ಅತ್ತಿಗೆ. ಒಪ್ಪಿಕೊಂಡ ಕೆಲಸಕ್ಕೆ ಹೋದ. ನಾನು ತೋರಿಸಿದ ಡ್ರಿಲ್ಲನ್ನೇ ಹಿಡಿದು ಹೋದ. ನೀವು ಜಗಳ ಆಡಬೇಕಾದದ್ದು ನನ್ನ ಜೊತೆ.

ಈ ಭಾನುವಾರ ಕಂಪ್ಲಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು. ನೀವು ಇದನ್ನು ಯಾರ ಮುಂದೆ ಹೇಳಿದರೂ ನಾನು ಅಲ್ಲಗಳೆಯುವುದಿಲ್ಲ. ಮಣ್ಣು ಮಾಡಿದ ಮೂರನೆಯ ದಿನವೇ ಡ್ರಿಲ್ಲಿಗೆ ಹೊಸ ಜೋಡಿ ಹಾಕಿದೆ — ಗುಂಡಿ ಒತ್ತಿದ ಕೂಡಲೇ ತಿರುಗಿತು. ಅದನ್ನೂ ತರುತ್ತೇನೆ. ಸವೆದ ಕಾರ್ಬನ್ ಬೆಂಕಿಪೊಟ್ಟಣದಲ್ಲಿದೆ, ಅದನ್ನು ನಿಮ್ಮ ಕೈಗೆ ಕೊಡುತ್ತೇನೆ.

ಅದನ್ನು ಕೇಳಿ ಚಾಚಿದ ಕೈ ಮಾತ್ರ ಇಲ್ಲ.