ದೋಸೆಯ ಅಂಚಿನಲ್ಲೊಂದು ಸ್ಪರ್ಶಕ

ಮೊನ್ನೆ ಬೆಳಗ್ಗೆ ಹಾಲು ಕಾಯಿಸಿ (ಎಂದಿನಂತೆ ಅರ್ಧ ಉಕ್ಕಿಸಿ), ಯಜಮಾನರಿಗೆ ಕಾಫಿ ಕೊಟ್ಟು, ಮೊದಲ ದೋಸೆ ಹುಯ್ದಿದ್ದೆನಷ್ಟೆ. ಪಕ್ಕದ ಮನೆ ಮಂಜುಳಾಳ ಮಗಳು ಸಿಂಚನಾ ಅಡುಗೆಮನೆಗೇ ನುಗ್ಗಿದಳು. ಹತ್ತನೇ ಕ್ಲಾಸು, ಕನ್ನಡ ಮೀಡಿಯಂ.

"ಆಂಟಿ, ಸ್ಪರ್ಶಕ ಅಂದ್ರೇನು? ಇವತ್ತು ಮ್ಯಾತ್ಸ್ ಮಿಸ್ಸು ವೃತ್ತದ ಪಾಠ ಬಾಯಲ್ಲಿ ಕೇಳ್ತಾರೆ. ಹೇಳ್ದೇ ಇದ್ದೋರ್ನ ನಾಳೆ ನರಸೀಪುರಕ್ಕೆ ಥ್ರೋಬಾಲ್ ಮ್ಯಾಚಿಗೆ ಕರ್ಕೊಂಡೋಗಲ್ವಂತೆ!"

ಕಣ್ಣಲ್ಲಿ ಆಗಲೇ ನೀರು. ನನಗೋ ಗಾಬರಿ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಟ್ಯಾಂಜೆಂಟ್ ಕಲಿಸಿದ್ದರು. ಈ ಸ್ಪರ್ಶಕ ಯಾರು? ಪುಸ್ತಕದ ಚಿತ್ರ ನೋಡಿದೆ. ಅಯ್ಯೋ, ಹಳೇ ಪರಿಚಯದವನೇ!

ಬೆಂದ ದೋಸೆಯನ್ನು ತಟ್ಟೆಗೆ ಹಾಕಿ, ಮಗುಚುವ ಸಟ್ಟುಗದ ಹಿಡಿಯನ್ನು ಅದರ ಅಂಚಿಗೆ ತಾಗಿಸಿದೆ. "ನೋಡು, ಒಂದೇ ಕಡೆ ಮುಟ್ಟುತ್ತೆ, ಒಳಗೆ ಬರಲ್ಲ."

"ನಮ್ಮಪ್ಪ ಅಡುಗೆಮನೆ ಬಾಗ್ಲಿಗೆ ಬಂದಂಗೆ!" ಕಿಸಕ್ಕೆಂದಳು ಹುಡುಗಿ.

ಆಮೇಲೆ ಕೇಳಬೇಕೆ? ದೋಸೆಯ ಸುತ್ತಂಚು ಪರಿಧಿ. ಅಂಚಿನಿಂದ ಅಂಚಿಗೆ ಹರಿದರೆ ಜ್ಯಾ. ನಟ್ಟನಡುವೆ ಹರಿದರೆ ವ್ಯಾಸ. ಅವಳು ಕಲಿತಳು, ನಾನೂ ಕಲಿತೆ. ಕಲಿತದ್ದನ್ನೆಲ್ಲ ಚಟ್ನಿ ಹಚ್ಚಿ ತಿಂದೆವು.

ಹುಡುಗಿ ಸ್ಕೂಲಿಗೆ ಹೋದಳು, ಪದಗಳು ಮಾತ್ರ ನನ್ನ ತಲೆಯಿಂದ ಹೋಗಲೊಲ್ಲವು! ಯಜಮಾನರು ಶರ್ಟಿನ ಗುಂಡಿ ಹಾಕಲು ಒದ್ದಾಡುತ್ತಿದ್ದರು. "ನಿಮ್ಮ ಪರಿಧಿ ಜಾಸ್ತಿಯಾಗಿದೆ ಕಣ್ರೀ" ಎಂದೆ.

"ಏನೇ ಅದು? ಕನ್ನಡದಲ್ಲಿ ಹೇಳು."

"ಕನ್ನಡಾನೇ ರೀ!"

ತರಕಾರಿಗೆ ಹೊರಟರೆ ನಮ್ಮ ಎದುರು ಮನೆಯ ಅತ್ತೆ-ಸೊಸೆ ರಸ್ತೆಯ ಆ ಬದಿ ಒಬ್ಬರು, ಈ ಬದಿ ಒಬ್ಬರು. ಅಪ್ಪಟ ಸಮಾನಾಂತರ ರೇಖೆಗಳು! ಮಧ್ಯಾಹ್ನ ನಲ್ಲಿಯಲ್ಲಿ ನೀರು ಬರುವ ಸಂಭವನೀಯತೆ? (ಬೇಡ ಬಿಡಿ.) ಇಷ್ಟು ಚೆಂದದ ಪದಗಳನ್ನು ಪರೀಕ್ಷೆಗೆಂದು ಎತ್ತಿಟ್ಟು, ಮನೆಯಲ್ಲಿ ಬಳಸದೆ ಹೇಗೆ ಇದ್ದೇವೆ, ಹೇಳಿ?

ಆದರೂ ಮೂರು ಗಂಟೆಯ ಮೇಲೆ ಜೀವ ಗೇಟಿನಲ್ಲೇ ಇತ್ತು. ಮಿಸ್ಸಿನ ಮುಂದೆ ಹುಡುಗಿಗೆ ಬಾಯಿ ಕಟ್ಟಿದರೆ?

ಸಂಜೆ ಮಂಜುಳಾ ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. "ಏನಾಯ್ತು ಮಂಜುಳಾ?" ಓಡಿ ಹೋಗಿ ಕೇಳಿದೆ.

"ಎಲ್ಲಾನೂ ಪಟಪಟ ಅಂತ ಏಳ್ಬುಟ್ಲಂತೆ ಕಣಕ್ಕಾ."

ನಾನು ನಿಂತಲ್ಲೇ ಚಪ್ಪಾಳೆ ತಟ್ಟಿದೆ. ಅವಳು ಸೀರೆ ಕೊಡವಿ ಮಡಿಸುತ್ತಾ ಅಂದಳು: "ಟೀಮಲ್ಲಿ ಉತ್ರ ಏಳಿದ್ದು ಇವ್ಳೊಬ್ಳೇ ಅಂತೆ. ನಾಳೆ ನರಸೀಪುರಕ್ ಓಗಿ ಯಾರ್ ಜೊತೆ ನಿಂತ್ಕೊಂಡು ಬಾಲ್ ಎಸೀತಾಳೋ, ಕಾಣೆ!"