ಆ ದಿನ ತಿಪಟೂರಿಗೆ ಹೋಗಬೇಕಿರಲಿಲ್ಲ

ಜುಬೇದಾ, ನಿನ್ನ ಅಮ್ಮಿಗೆ ಪಿಂಚಣಿ ಮಂಜೂರಾಗಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಮತ್ತೊಮ್ಮೆ ತಿಪಟೂರಿಗೆ ಕರೆದುಕೊಂಡು ಹೋದೆ.

ಅರ್ಜಿ ಎಲ್ಲಿಗೆ ಬಂತೆಂದು ಮೊಬೈಲಿನಲ್ಲೇ ನೋಡುವುದನ್ನು ಪಂಚಾಯ್ತಿಯ ಹುಡುಗಿ ನನಗೆ ಹೇಳಿಕೊಟ್ಟಿದ್ದಳು. ನಿನ್ನ ಬಳಿ ಅಂಥ ಫೋನಿರಲಿಲ್ಲ. ನಾನು ನೋಡಿ ಹೇಳಿದ್ದೇ ನಿನಗೆ ಸತ್ಯ. ಮಂಜೂರಾಗಿದೆ ಎಂದು ಓದಿದಾಗ ನನಗೆ ಸಂತೋಷವಾಗಲಿಲ್ಲ. ಇನ್ನು ನಾವಿಬ್ಬರೂ ಜೊತೆಯಾಗಿ ಹೋಗಲು ನೆಪವೇ ಇಲ್ಲವಲ್ಲ ಅನ್ನಿಸಿತು. ಯಜಮಾನರು ಹೋದ ಮೇಲೆ ನಾನು ಬಾಯ್ತುಂಬ ನಗುತ್ತಿದ್ದುದು ಆ ಬಸ್ಸಿನಲ್ಲಿ ಮಾತ್ರ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದರೆ ಸಾಕು, ನೀನು ಹೊಲಿಗೆಗೆ ಬಂದ ರವಿಕೆಗಳ ಕಥೆ ಶುರುಮಾಡುತ್ತಿದ್ದೆ—ಯಾರು ದಪ್ಪಗಾದರು, ಯಾರು ಅಳತೆಗೆ ಉಸಿರು ಬಿಗಿಹಿಡಿದರು...

"ಇನ್ನೂ ಆಗಿಲ್ಲ ಕಣೇ. ಇನ್ನೊಂದ್ಸಲ ಹೋಗಿ ಕೇಳ್ಕಂಡು ಬರಾಣ," ಎಂದೆ ನಾನು, ಆ ಬೆಳಿಗ್ಗೆ.

"ಅಮ್ಮಿಗೆ ಯಾಕೋ ಎದೆ ಉರಿ ಅಂತೆ. ಇವತ್ತೇ ಹೋಗ್ಬೇಕಾ?"

"ಬೇಗ ಬಂದ್ಬುಡಾಣ, ಬಾ."

ತಿಪಟೂರಿನಲ್ಲಿ ನಿನ್ನನ್ನು ತಾಲ್ಲೂಕು ಕಚೇರಿಯೊಳಕ್ಕೂ ನಾನು ಬಿಡಲಿಲ್ಲ. ನಾನೊಬ್ಬಳೇ ಹೋಗಿ ಬಂದಂತೆ ಮಾಡಿ, ಸಾಹೇಬರು ಇಲ್ಲವಂತೆ ಎಂದೆ. ಹೋಟೆಲಿನಲ್ಲಿ ದೋಸೆ ತಿಂದೆವು. ನೀನು ಏಳೋಣವೆಂದರೂ ಇನ್ನೊಂದು ಕಾಫಿ ಹೇಳಿದೆ.

ನಾವು ಊರಿಗೆ ಬಂದಾಗ ನಿನ್ನ ಮನೆಯ ಮುಂದೆ ಜನ ನಿಂತಿದ್ದರು. ಅಮ್ಮಿ ಮಧ್ಯಾಹ್ನವೇ ಹೋಗಿಬಿಟ್ಟಿದ್ದರು. "ಕೊನೇವರೆಗೂ ನಿನ್ನೇ ಕೇಳ್ತಿದ್ರು ಕಣಮ್ಮ," ಎಂದರು ಪಕ್ಕದ ಮನೆಯಾಕೆ. ನೀನು ನನ್ನನ್ನೇ ತಬ್ಬಿಕೊಂಡು ಅತ್ತೆ. ಅಮ್ಮಿಗಾಗಿ ಇವಳೆಷ್ಟು ಓಡಾಡಿದಳೆಂದು ನನ್ನನ್ನು ತೋರಿಸಿ ಬಂದವರಿಗೆಲ್ಲ ನೀನೇ ಹೇಳಿದೆ. ನಾನು—ಕೇಳಿಕೊಂಡು ನಿಂತಿದ್ದೆ.

ಹೋದ ವಾರ ಪಂಚಾಯ್ತಿಗೆ ಬಂದಿದ್ದ ಅಧಿಕಾರಿಗಳು ಕೇಳಿದರಲ್ಲ, ಸರ್ಕಾರದ ಕೆಲಸಗಳು ಆನ್‌ಲೈನ್ ಆದದ್ದರಿಂದ ನಿಮಗೇನು ಅನುಕೂಲವಾಯಿತೆಂದು? ಎಲ್ಲರಿಗಿಂತ ಮೊದಲು ನೀನೇ ಎದ್ದು ನಿಂತೆ.

"ಈಗೆಲ್ಲಾ ಕೂತಲ್ಲೇ ಗೊತ್ತಾಯ್ತದೆ. ನಮ್ಮಮ್ಮಿ ಇದ್ದಾಗ್ಲೂ ಹಿಂಗಿದ್ದಿದ್ರೆ ಆವತ್ತು ನಾನು ಮನೇಲೇ ಇರ್ತಿದ್ದೆ ಕಣ್ರೀ. ಅಲ್ವೇನೇ ಪಾರ್ವತಿ?"

ನಾನು ಹೌದೆಂದು ತಲೆಯಾಡಿಸಿದೆ.

ಆಗಲೂ ಹೀಗೇ ಇತ್ತು, ಜುಬೇದಾ. ಇಲ್ಲದಂತೆ ಮಾಡಿದವಳು ನಾನು.

ನಾಳೆ ನಿನ್ನ ಮನೆಗೆ ಬಂದು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿರಬಹುದು. ನೀನಿಲ್ಲದೆ ಒಂಟಿಯಾಗುತ್ತೇನೆಂಬ ಭಯಕ್ಕೇ ಅಂದು ಸುಳ್ಳು ಹೇಳಿದ್ದು. ಆ ಭಯ ಈಗಲೂ ಹೋಗಿಲ್ಲ.

ಆದರೂ ಬರುತ್ತೇನೆ.