ಹುಲ್ಲು ತಿನ್ನುವವನಿಗೆ ಕೈಮುಗಿದೆ

ಜಾವಾ ದ್ವೀಪದ ಜೋಗ್ಜ ನಗರದಲ್ಲಿ, ನಮ್ಮ ಬಾಡಿಗೆ ಮನೆಯ ಎದುರಿನ ಬೀದಿಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಗಂಡಸು ಕುದುರೆಯ ಹಾಗೆ ಹುಲ್ಲು ತಿನ್ನುತ್ತಿದ್ದ. ನಾನು ಚಪ್ಪಲಿ ಕಳಚಿ ಅವನಿಗೆ ಕೈಮುಗಿದು ನಿಂತೆ. ಇಡೀ ಬೀದಿ ಗೊಳ್ಳೆಂದು ನಕ್ಕಿತು.

ಆ ಆಟಕ್ಕೆ ಕುಡ ಲುಂಪಿಂಗ್ ಎನ್ನುತ್ತಾರೆ. ಬಿದಿರು ಹೆಣೆದ ಚಪ್ಪಟೆ ಕುದುರೆಯನ್ನು ಕಾಲುಗಳ ನಡುವೆ ಹಿಡಿದು ಕುಣಿಯುವಾಗ ಕೆಲವರಿಗೆ ಮೈಮೇಲೆ ಬರುತ್ತದೆ. ಊರಿನವರೇ, ನೀವೇ ಹೇಳಿ, ಮೈಮೇಲೆ ಬಂದವನನ್ನು ಕಂಡರೆ ತುಳುನಾಡಿನ ಹೆಂಗಸು ಇನ್ನೇನು ಮಾಡಬೇಕು? ನಮ್ಮ ಭೂತಕೋಲದಲ್ಲಿ ಮೈಮೇಲೆ ಬಂದ ದೈವದ ಎದುರು ಗುತ್ತಿನ ದೊಡ್ಡಮನೆಯ ಯಜಮಾನನೂ ತಲೆ ತಗ್ಗಿಸಿ ಮನೆಯ ಕಷ್ಟ ಹೇಳಿಕೊಳ್ಳುತ್ತಾನೆ. ನನಗೂ ಒಂದು ಕಷ್ಟವಿತ್ತು. ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವ ನನ್ನ ಗಂಡನಿಗೆ ಇನ್ನೂ ಮೂರು ವರ್ಷದ ಕರಾರು ಪತ್ರ ಬಂದಿತ್ತು. ಸಹಿ ಹಾಕುವ ತೀರ್ಮಾನವನ್ನು ಅವರು ನನಗೇ ಬಿಟ್ಟಿದ್ದರು. "ಇಲ್ಲೇ ಇರಲೋ, ಊರಿಗೆ ಹೋಗಲೋ?" ಎಂದು ನನ್ನ ಹರುಕುಮುರುಕು ಇಂಡೋನೇಷ್ಯನ್ ಭಾಷೆಯಲ್ಲಿ ಕೇಳಿದೆ. ಅವನು ಇನ್ನೊಂದು ಹಿಡಿ ಹುಲ್ಲು ಬಾಯಿಗೆ ತುರುಕಿ ಆ ಕಡೆ ತಿರುಗಿದ.

ಪಕ್ಕದಲ್ಲೇ ಐಸ್‌ಕ್ರೀಂ ಗಾಡಿ, ಬಲೂನು, ಮೈಕಿನಲ್ಲಿ ಡಾಂಗ್‌ಡುಟ್. ಅದು ಅವರ ಬೀದಿಬೀದಿಯ ಹಾಡು, ಅದರ ಡೋಲಿನಲ್ಲಿ ನಮ್ಮ ಹಳೆಯ ಹಿಂದಿ ಸಿನಿಮಾಗಳ ತಬಲಾ ಕೇಳುತ್ತದೆ. ನೆರೆಮನೆಯ ಯಾತಿ ನನ್ನ ತೋಳು ಹಿಡಿದು, "ಇದು ಹಿಬುರಾನ್ ಅಮ್ಮಾ, ಬರೀ ಮನರಂಜನೆ" ಎಂದಳು. ನಾನು ತೋಳು ಕೊಸರಿಕೊಂಡು ಮನೆಯೊಳಗೆ ಹೋದೆ. ಸಂಜೆಯೊಳಗೆ, ಯಾರೋ ತೆಗೆದ ನನ್ನ ವಿಡಿಯೋ ಬೀದಿಯವರೆಲ್ಲರ ಫೋನಿನಲ್ಲಿತ್ತು. ಮೈಮೇಲೆ ಬಂದವನನ್ನು ನೋಡಿ ನಗುವ ಇವರ ನಡುವೆ ಮೂರು ವರ್ಷ ಅಲ್ಲ, ಮೂರು ದಿನವೂ ಬೇಡ ಎಂದು ಗಂಡನ ಮೇಲೆ ರೇಗಿದೆ.

ಮರುವಾರ ಸ್ಕೂಟರ್ ಪಂಕ್ಚರ್ ಆಯಿತು. ತೇಪೆ ಹಾಕಲು ಕುಳಿತವನು ಆ ಹುಲ್ಲು ತಿಂದವನೇ. ಹೆಸರು ಆಗುಸ್. "ವಿಡಿಯೋ ಕೊನೆಯವರೆಗೆ ನೋಡಿದಿರಾ?" ಎಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದ. ಅದರಲ್ಲಿ, ನಾನು ಹೋದ ಮೇಲೆ ಅವನು ಪ್ರಜ್ಞೆ ತಪ್ಪಿ ಹಿಂದಕ್ಕೆ ವಾಲುತ್ತಾನೆ. ನಗುತ್ತಿದ್ದ ಅದೇ ಜನ, ಯಾತಿಯ ಗಂಡ, ಐಸ್‌ಕ್ರೀಂ ಮಾರುವವನು, ಎಲ್ಲರೂ ಓಡಿಬಂದು ಅವನ ಬೆನ್ನು ನೆಲ ಮುಟ್ಟುವ ಮೊದಲೇ ಹಿಡಿದುಕೊಳ್ಳುತ್ತಾರೆ.

"ನಗುತ್ತಾರೆ ಅಮ್ಮಾ. ಆದರೆ ಒಮ್ಮೆಯೂ ಬೀಳಲು ಬಿಟ್ಟಿಲ್ಲ."

ನನಗೆ ನಾಚಿಕೆಯಾಯಿತು. ಆದರೂ ಸಹಿಗೆ ಒಪ್ಪದೆ, ರಜೆಗೆಂದು ಮಂಗಳೂರಿಗೆ, ದೇರೆಬೈಲಿನ ಅಣ್ಣನ ಮನೆಗೆ ಬಂದೆ.

ಬಂದ ವಾರದಲ್ಲೇ ತೊಕ್ಕೊಟ್ಟಿನ ಸಭಾಂಗಣವೊಂದರಲ್ಲಿ ಅಣ್ಣನ ಗೆಳೆಯರ ಸಂಘದ ವಾರ್ಷಿಕೋತ್ಸವ. ಊಟಕ್ಕೆ ಮೊದಲು ಒಂದು 'ಫ್ಯೂಷನ್ ಐಟಂ'. ಮುಖಕ್ಕೆ ಅರದಾಳದ ಹಳದಿ ಬಣ್ಣ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಕಾಲಿಗೆ ದೈವದ ಗೆಜ್ಜೆಯಾದ ಗಗ್ಗರ ಕಟ್ಟಿಕೊಂಡ ಯುವಕನೊಬ್ಬ ಡಿಸ್ಕೋ ಲೈಟಿನಲ್ಲಿ ದೈವದ ಹಾಗೆ ಮೈ ನಡುಗಿಸುತ್ತಿದ್ದ. ಜನ ಸಿಳ್ಳೆ ಹೊಡೆದರು. "ಸೂಪರ್ ಉಂಟಲ್ಲಾ!" ಎಂದರು ಅತ್ತಿಗೆ. ನನ್ನ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನ ಗಗ್ಗರ ಮೈಕಿನ ವಯರಿಗೆ ಸಿಕ್ಕಿ, ಅವನು ವೇದಿಕೆಯಿಂದ ಕೆಳಗೆ ಬಿದ್ದ. ಎತ್ತಿ ಹಿಡಿದ ಮೊಬೈಲ್ ಒಂದೂ ಕೆಳಗಿಳಿಯಲಿಲ್ಲ. ಅದೂ ಐಟಂನಲ್ಲಿ ಸೇರಿದೆ ಎಂದು ಚಪ್ಪಾಳೆ ಬೇರೆ. ನಾನು ಓಡಿಹೋಗಿ ಅವನನ್ನು ಎಬ್ಬಿಸಿದೆ. ಮೊಣಕೈಯಲ್ಲಿ ರಕ್ತ.

"ವಿಡಿಯೋ ಸರಿ ಬಂತಾ ಅಕ್ಕಾ?" ಎಂದು ಕೇಳಿದ, ಪಾಪ.

"ನಾಚಿಕೆ ಆಗುದಿಲ್ವಾ ನಿಮಗೆ?" ಎಂದು ಇಡೀ ಸಭೆಗೆ ಕೇಳುವಂತೆ ಕೂಗಿದೆ.

ಅಣ್ಣ ನನ್ನನ್ನು ಹೊರಗೆ ಎಳೆದುಕೊಂಡು ಬಂದ. "ಎಂತ ಮಾರಾಯ್ತಿ, ಎಲ್ಲರ ಎದುರು ಮರ್ಯಾದೆ ತೆಗೆದೆಯಲ್ಲ! ಅದು ಬರೀ ಎಂಟರ್‌ಟೇನ್‌ಮೆಂಟ್."

"ಅಲ್ಲಿಯವರು ಸಹ ಅದನ್ನೇ ಹೇಳಿದ್ದು. ಆದ್ರೆ ಅಲ್ಲಿ ಬಿದ್ದವನನ್ನು ಹಿಡಿಯಲಿಕ್ಕೆ ಕೈ ಉಂಟು. ಇಲ್ಲಿ ಎಲ್ಲರ ಕೈಯಲ್ಲಿ ಮೊಬೈಲ್ ಉಂಟು!"

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ ಸಹಿ ಹಾಕಿ ಎಂದೆ. "ಸಿಟ್ಟಲ್ಲಿ ಹೇಳ್ತಾ ಇದ್ದೀಯಾ?" ಎಂದು ಕೇಳಿದರು. ಹೌದು, ಸಿಟ್ಟಿನಲ್ಲೇ ಹೇಳಿದ್ದು ಎಂದೆ. ಹೇಳಿದ ಮೇಲೆ ಅತ್ತುಬಿಟ್ಟೆ.

ಹೊರಡುವ ದಿನ ಮನೆಯ ದೈವಕ್ಕೆ ಕೈಮುಗಿದೆ. ಈ ಸಲ ಇರಲೋ ಹೋಗಲೋ ಎಂದು ಕೇಳಲಿಲ್ಲ. ಈ ಊರಿನಲ್ಲಿ ಬಿದ್ದವರನ್ನು ಹಿಡಿಯುವ ನಾಲ್ಕು ಕೈಗಳನ್ನಾದರೂ ಉಳಿಸು, ನಾನು ಮರಳಿ ಬರಬೇಕಾದವಳು ಎಂದೆ.